ರಬಕವಿಗೆ ಬಂದ ರಟ್ಟಿನ ಮಗ್ಗ

ಜರ್ಮನಿಯಿಂದ ಬಂದ ಹುಡುಗಿ ತನ್ನ ದೊಡ್ಡ ಪೆಟ್ಟಿಗೆಯ ಮುಚ್ಚಳ ಎತ್ತಿದಾಗ ರತ್ನಾಬಾಯಿಯವರು ಒಳಗೆ ಬಗ್ಗಿ ನೋಡಿದರು. ನೋಡಿ, ಕೈಯಲ್ಲಿದ್ದ ಚಹಾದ ಕಪ್ಪನ್ನು ಮೆಲ್ಲಗೆ ಕಿಟಕಿಯ ಕಟ್ಟೆಯ ಮೇಲಿಟ್ಟರು. ಇಡದೆ ಹೋಗಿದ್ದರೆ ಅದು ಕೆಳಗೆ ಬೀಳುತ್ತಿತ್ತು.

ಪೆಟ್ಟಿಗೆಯ ತುಂಬ ಮಗ್ಗಗಳಿದ್ದವು. ಎರಡು ಅಂಗೈ ಜೋಡಿಸಿದಷ್ಟು ಅಗಲದ ರಟ್ಟಿನ ತುಂಡುಗಳು. ಮೇಲೂ ಕೆಳಗೂ ಹಲ್ಲು ಹಲ್ಲಾಗಿ ಕತ್ತರಿಸಿ, ಈ ಹಲ್ಲಿನಿಂದ ಆ ಹಲ್ಲಿಗೆ ಬಿಳಿ ದಾರ ಬಿಗಿದು ಹಾಸು ಕಟ್ಟಿದ್ದರು. ಒಂದೊಂದಕ್ಕೂ ಒಂದು ಮೊಂಡು ಸೂಜಿ, ಒಂದು ಉಂಡೆ ಬಣ್ಣದ ಉಣ್ಣೆ.

"ಒಟ್ಟು ನಲವತ್ತಿವೆ," ಎಂದಳು ಮಿರಿಯಮ್, ಇಂಗ್ಲಿಷಿನಲ್ಲಿ. "ನಮ್ಮಜ್ಜಿ ಮತ್ತು ಚರ್ಚಿನ ಹಿರಿಯ ಹೆಂಗಸರು ತಿಂಗಳುಗಟ್ಟಲೆ ಕೂತು ಮಾಡಿಕೊಟ್ಟರು. ಇಲ್ಲಿಯ ಮಕ್ಕಳಿಗೆ ನೇಯುವುದನ್ನು ಕಲಿಸುತ್ತೇನೆ."

ಹೊರಗೆ ಓಣಿಯ ಆ ತುದಿಯಿಂದ ಈ ತುದಿಯವರೆಗೆ ಪವರ್‌ಲೂಮುಗಳು ಖಟಪಟ ಎನ್ನುತ್ತಿದ್ದವು. ರಬಕವಿಯ ಮಕ್ಕಳಿಗೆ ನೇಯುವುದನ್ನು ಕಲಿಸುವುದೆಂದರೆ ಗಲಗಲಿಯ ಹುಡುಗರನ್ನು ಕೃಷ್ಣೆಯ ದಂಡೆಗೆ ಕರೆದೊಯ್ದು, ಬನ್ನಿ, ಈಸು ಕಲಿಸುತ್ತೇನೆ ಎಂದ ಹಾಗೆ.

"ಬಹಳ ಚೆನ್ನಾಗಿವೆ," ಎಂದರು ರತ್ನಾಬಾಯಿ. ಅದು ಸುಳ್ಳಲ್ಲ. ನಿಜಕ್ಕೂ ಚೆನ್ನಾಗಿದ್ದವು.

ತಪ್ಪು ತಮ್ಮದೇ ಎಂದು ಅವರಿಗೆ ಗೊತ್ತಿತ್ತು. ಜರ್ಮನಿಯ ಒಂದು ಸಣ್ಣ ಊರಿನ ಚರ್ಚಿನಿಂದ ಆರು ಜನರ ತಂಡ ಎರಡು ವಾರ ಮಕ್ಕಳ ಸೇವೆಗೆ ಬರುತ್ತದೆಂದು ಜೂನ್ ತಿಂಗಳಲ್ಲೇ ಪತ್ರ ಬಂದಿತ್ತು. ನಾಲ್ವರು ಜಮಖಂಡಿಯ ಹಾಸ್ಟೆಲ್ಲಿಗೆ ಬಣ್ಣ ಹಚ್ಚುವವರು, ಒಬ್ಬರು ಬೀಳಗಿ ಕಡೆಯ ಹಳ್ಳಿಗಳಲ್ಲಿ ಮಕ್ಕಳ ಹಲ್ಲು ನೋಡುವವರು. ಎಲ್ಲರಿಗಿಂತ ಚಿಕ್ಕವಳಾದ ಮಿರಿಯಮ್ ರಬಕವಿಯಲ್ಲಿ ರತ್ನಾಬಾಯಿಯವರ ಮನೆಯಲ್ಲಿದ್ದು, ದಸರಾ ಸೂಟಿಯ ಮಕ್ಕಳ ಶಿಬಿರ ನಡೆಸಬೇಕು. "ಮಕ್ಕಳಿಗೆ ಏನು ಕೈಕೆಲಸ ತರಲಿ?" ಎಂದು ಅವಳು ಆಗಲೇ ಕೇಳಿದ್ದಳು. "ನೀವು ಏನು ತಂದರೂ ನಮಗೆ ಸಂತೋಷ," ಎಂದು ರತ್ನಾಬಾಯಿ ಬರೆದಿದ್ದರು. ಅಷ್ಟು ದೂರದಿಂದ ಪ್ರೀತಿಯಿಂದ ತರುವವರಿಗೆ ಇದನ್ನು ತನ್ನಿ, ಅದನ್ನು ಬಿಡಿ ಎನ್ನುವ ರೂಢಿ ಈ ಕಡೆ ಯಾರ ಮನೆಯಲ್ಲೂ ಇಲ್ಲ.

ಮಿರಿಯಮ್ ಸ್ನಾನಕ್ಕೆ ಹೋದಾಗ ಪಕ್ಕದ ಮನೆಯ ಮುತ್ತವ್ವ ಒಂದು ಬಟ್ಟಲು ಶೇಂಗಾ ಚಟ್ನಿ ಹಿಡಿದುಕೊಂಡು ಬಂದಳು. ಎಪ್ಪತ್ತು ದಾಟಿದ ಮುತ್ತವ್ವ ನೇಕಾರರ ಮನೆಯಲ್ಲಿ ಹುಟ್ಟಿ ನೇಕಾರರ ಮನೆಗೇ ಸೊಸೆಯಾಗಿ ಬಂದವಳು. ಪೆಟ್ಟಿಗೆಯತ್ತ ಅವಳ ಕಣ್ಣು ಹೋಯಿತು.

"ಏನ ಬೇ ಇದು, ರತ್ನಾಬಾಯಿ?"

"ಮಗ್ಗ."

"ಎಂಥಾ ಮಗ್ಗ?"

"ನೇಯೂ ಮಗ್ಗ. ನಮ್ಮ ಹುಡುಗ್ರಿಗೆ ನೇಯೂದು ಕಲಸತಾಳಂತ."

ಮುತ್ತವ್ವ ಒಂದು ರಟ್ಟನ್ನು ಎತ್ತಿ, ತಿರುಗಿಸಿ ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿ ನಗತೊಡಗಿದಳು. "ವಿಮಾನದಾಗ ತಂದಳಾ? ರಬಕವಿಗೆ?"

"ನಗಬ್ಯಾಡ ಮುತ್ತವ್ವ. ಕೇಳಸ್ತೈತಿ."

"ಕೇಳಿದ್ರೇನಾತು? ಅಕಿಗೆ ಕನ್ನಡ ಎಲ್ಲಿ ತಿಳೀತೈತಿ?"

"ನಗೂದು ಎಲ್ಲಾರಿಗೂ ತಿಳೀತೈತಿ."

ಮುತ್ತವ್ವ ನಗು ನುಂಗಿಕೊಂಡಳು. "ಹಂಗಾದ್ರ ಹೇಳಿಬಿಡು. ಯವ್ವಾ, ಇದು ನೇಕಾರರ ಊರು, ಬ್ಯಾರೆ ಏನರ ಕಲಸು ಅಂತ."

ಹೇಳಬೇಕೆಂದೇ ರತ್ನಾಬಾಯಿಯವರೂ ಅಂದುಕೊಂಡಿದ್ದರು. ಆದರೆ ಊಟಕ್ಕೆ ಕೂತಾಗ ಮಿರಿಯಮ್ ರೊಟ್ಟಿ ಮುರಿಯುತ್ತ ತನ್ನ ವಿಷಯ ಹೇಳಿಕೊಂಡಳು. ಅವಳಿಗೆ ಶಿಕ್ಷಕರ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಬರುತ್ತೇನೆ, ಬರುವುದಿಲ್ಲ ಎಂದು ಶುಕ್ರವಾರದೊಳಗೆ ತಿಳಿಸಬೇಕು. ಬೇಡವೆಂದರೆ ಚಿಕ್ಕಪ್ಪನ ಕಚೇರಿಯಲ್ಲಿ ಕೆಲಸ ಕಾದಿದೆ. ಶಾಲೆಯಲ್ಲಿದ್ದಾಗ ಎದ್ದು ನಿಂತು ನಾಲ್ಕು ಮಾತಾಡಲೂ ಹೆದರುತ್ತಿದ್ದವಳು ತಾನು. "ಒಂದು ಮಗುವಿಗಾದರೂ ಏನನ್ನಾದರೂ ಕಲಿಸಬಲ್ಲೆನೇ ಎಂದು ನೋಡಬೇಕು. ಅದು ತಿಳಿದರೆ ಉತ್ತರ ಬರೆಯುತ್ತೇನೆ. ಅದಕ್ಕೇ ಪ್ರಾರ್ಥನೆ ಮಾಡಿಕೊಂಡು ಇಲ್ಲಿಗೆ ಬಂದೆ," ಎಂದಳು.

ರತ್ನಾಬಾಯಿಯವರು ಹೇಳಬೇಕೆಂದಿದ್ದನ್ನು ಬಿಟ್ಟು ಇನ್ನೊಂದು ರೊಟ್ಟಿ ಬಡಿಸಿದರು.

ಮರುದಿನ, ಸೋಮವಾರ, ಮಿರಿಯಮ್ ಏಳುವ ಮೊದಲೇ ಅವರು ಚರ್ಚಿನ ಅಂಗಳಕ್ಕೆ ಹೋದರು. ಬೇವಿನ ಮರದ ಕೆಳಗೆ ಮೂವತ್ತೆಂಟು ಮಕ್ಕಳು ನೆರೆದಿದ್ದರು. ಹಾಡು, ಕಥೆ, ಆಟ, ಕೊನೆಗೆ ಚುರುಮರಿ ಇರುತ್ತದೆಂದು ಎಲ್ಲ ಮನೆಗಳ ಮಕ್ಕಳೂ ಬರುತ್ತಿದ್ದರು. ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿ ನಿವೃತ್ತರಾದ ರತ್ನಾಬಾಯಿ ಇವರಲ್ಲಿ ಎಷ್ಟೋ ಮಕ್ಕಳ ಅಪ್ಪಂದಿರ ಕಿವಿ ಹಿಂಡಿದವರು. ಅವರ ಹೆಸರು ಹೇಳಿದರೆ ಯಾವ ಮನೆಯಲ್ಲೂ ಬೇಡವೆನ್ನುತ್ತಿರಲಿಲ್ಲ.

"ನೋಡ್ರಿ, ಮಿರಿಯಮ್ ಅಕ್ಕ ನಿಮಗ ನೇಯೂದು ಕಲಸಾಕ ಬಂದಾಳ," ಎಂದರು.

ಅಂಗಳವೆಲ್ಲ ನಗುವೋ ನಗು. ರತ್ನಾಬಾಯಿಯವರ ತುಟಿಯೂ ಅಲ್ಲಾಡಿತು.

"ಅಕ್ಕೋರ, ನಮ್ಮ ಮನ್ಯಾಗ ಎಂಟ ಮಗ್ಗ ಅದಾವ್ರಿ," ಎಂದ ಸಂಜಯ. ಹತ್ತು ವರ್ಷದ ಈ ಹುಡುಗನ ಬಾಯಿ ಮಗ್ಗಕ್ಕಿಂತ ಜೋರು.

"ನನಗೊತ್ತಿಲ್ಲೇನು? ನೀ ಹುಟ್ಟೂಕಿಂತ ಮೊದಲ ಅವನ್ನ ನೋಡೇನಿ. ಆದ್ರ ಅಕಿ ಅಷ್ಟ ದೂರದಿಂದ ಹೊತ್ತಗೊಂಡ ಬಂದಾಳ. ಇದು ನಮಗ ಬರ್ತೈತಿ ಅಂತ ಯಾರೂ ಅನಬ್ಯಾಡ್ರಿ."

ಮುತ್ತವ್ವನ ಮೊಮ್ಮಗಳು ಮಧುಮತಿಯ ಕಣ್ಣು ಮಿನುಗಿದವು. "ಅಂದ್ರ ಬರಲಾರದವರಂಗ ಮಾಡಬೇಕ್ರಿ?"

"ಹಂಗಲ್ಲ... ಸ್ವಲ್ಪ ನಿಧಾನ ಕಲಿಯೋರಂಗ."

"ಸುಳ್ಳ ಹೇಳಬಾರದು ಅಂತ ಮೊನ್ನಿ ಕಥಿಯೊಳಗ ನೀವ ಹೇಳಿದ್ರಿ," ಎಂದ ಸಂಜಯ.

"ಏನೂ ಹೇಳಬ್ಯಾಡಪಾ. ಬಾಯಿ ಮುಚ್ಚಗೊಂಡ ಸೂಜಿ ಹಿಡಿ. ಅದ ದೊಡ್ಡ ಉಪಕಾರ."

ಮಕ್ಕಳು ಮತ್ತೆ ನಕ್ಕರು. ಅಷ್ಟು ಮುಖಗಳ ನಡುವೆ ನಗದಿದ್ದ ಮುಖ ಒಂದಿತ್ತೆಂಬುದನ್ನು ರತ್ನಾಬಾಯಿ ಗಮನಿಸಲಿಲ್ಲ. ದೇವರೇ, ಇದೊಂದು ವಾರ ಸ್ವಲ್ಪ ಆ ಕಡೆ ಮುಖ ಮಾಡಿಕೊಂಡಿರು ಎಂದು ಮನಸ್ಸಿನಲ್ಲೇ ಹೇಳಿ, ಅತಿಥಿಯನ್ನು ಕರೆತರಲು ಹೊರಟರು.

ಶಿಬಿರ ಶುರುವಾಯಿತು. "ಮೇಲೆ", "ಕೆಳಗೆ" ಎಂಬ ಎರಡು ಮಾತುಗಳನ್ನು ಮಿರಿಯಮ್ ಕನ್ನಡದಲ್ಲೇ ಕೇಳಿ ಕಲಿತುಕೊಂಡಿದ್ದಳು. ಒಂದು ಎಳೆಯ ಮೇಲೆ, ಇನ್ನೊಂದರ ಕೆಳಗೆ ಸೂಜಿ ಆಡಿಸುತ್ತ "ಮ್ಯಾಲಾ, ಕೆಳ್ಳಗಾ" ಎಂದು ರಾಗವಾಗಿ ಎಳೆಯುತ್ತಿದ್ದಳು. ಮಕ್ಕಳು ಅವಳನ್ನು ಮೀರಕ್ಕ ಎಂದು ಕರೆದರು. ಅವಳು ಹಾಡಿದರೆ ಜೊತೆಗೆ ಹಾಡಿದರು, ಓಡಿದರೆ ಹಿಂದೆ ಓಡಿದರು. ಸೂಜಿ ಕೈಗೆ ಬಂತೆಂದರೆ ಮಾತ್ರ ಎಲ್ಲರೂ ಒಮ್ಮೆಲೇ ದಡ್ಡರಾದರು.

ಸಂಜಯ ಸೂಜಿಯನ್ನು ಚಮಚದಂತೆ ಹಿಡಿದು ಉಣ್ಣೆಯನ್ನು ತನ್ನ ಬೆರಳಿಗೇ ಸುತ್ತಿಕೊಂಡ. ಮಧುಮತಿ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು, "ಮೀರಕ್ಕಾ, ಇದು ಯಾವ ಕಡಿಯಿಂದ ಒಳಗ ಹೋಗ್ತೈತಿ?" ಎಂದು ಕೇಳುತ್ತಿದ್ದಳು. ಮಂಗಳವಾರ ಯಾರದು ಎಲ್ಲರಿಗಿಂತ ಕೆಟ್ಟದಾಗಿದೆ ಎಂದು ಅವರಲ್ಲೇ ಪೈಪೋಟಿ ಹತ್ತಿತು. ಮಿರಿಯಮ್ ಮಾತ್ರ ಬೇಸರಿಸದೆ ಒಬ್ಬೊಬ್ಬರ ಮುಂದೆ ಮೊಣಕಾಲೂರಿ, ತಪ್ಪು ಎಳೆ ಬಿಚ್ಚಿ, ಮತ್ತೆ ಮೊದಲಿನಿಂದ ತೋರಿಸುತ್ತಿದ್ದಳು.

ಓಣಿಯೂ ಗುಟ್ಟು ಕಾಯಿತು. ಅವಳು ಹಾದುಹೋಗುವ ಹೊತ್ತಿಗೆ ಮುತ್ತವ್ವನ ಮಗ ಈರಪ್ಪ ಮಗ್ಗದ ಶೆಡ್ಡಿನ ಬಾಗಿಲು ಮುಚ್ಚಿಕೊಳ್ಳುತ್ತಿದ್ದ. ಬಣ್ಣ ಹಾಕಿ ಗಳದ ಮೇಲೆ ಸಾಲಾಗಿ ಇಳಿಬಿಟ್ಟಿದ್ದ ನೂಲಿನ ಲಡಿಗಳನ್ನು ತೋರಿಸಿ ಮಿರಿಯಮ್, "ಇವು ಯಾಕೆ ಇಲ್ಲಿವೆ?" ಎಂದು ಕೇಳಿದಳು.

"ಒಣಗಲಿ ಎಂದು," ಎಂದರು ರತ್ನಾಬಾಯಿ.

"ಈ ಸದ್ದು?"

"ಸಣ್ಣ ಸಣ್ಣ ಕಾರ್ಖಾನೆಗಳಿವೆ." ಒಂದೂ ಸುಳ್ಳಾಡದೆ ಇಷ್ಟು ಮುಚ್ಚಿಡಬಹುದೆಂದು ರತ್ನಾಬಾಯಿಯವರಿಗೇ ಗೊತ್ತಿರಲಿಲ್ಲ.

ಬುಧವಾರ ಸಂಜೆ ಅವರು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ ಮಿರಿಯಮ್ ಬಂದು ಪಕ್ಕದಲ್ಲಿ ಕೂತಳು. ಎಂದಿನಂತೆ ತಾನೂ ಬಡಿಯುತ್ತೇನೆ ಎನ್ನಲಿಲ್ಲ. ಅವಳ ಮೂಗಿನ ತುದಿ ಕೆಂಪಾಗಿತ್ತು.

"ಮೂರು ದಿನವಾಯಿತು," ಎಂದಳು. "ನಾಲ್ಕು ಬೆರಳಗಲ ಸರಿಯಾಗಿ ನೇಯ್ದವರು ಬೆರಳೆಣಿಕೆಗೂ ಇಲ್ಲ. ಮೇಲೆ ಎಂದರೆ ಕೆಳಗೆ ಹೋಗುತ್ತಾರೆ. ಇಷ್ಟು ಜಾಣ ಮಕ್ಕಳು! ಹಾಡನ್ನು ಒಂದೇ ಸಲಕ್ಕೆ ಕಲಿಯುತ್ತಾರೆ. ಅಂದಮೇಲೆ ದೋಷ ಅವರದಲ್ಲ, ನನ್ನದು. ನನಗೆ ಕಲಿಸಲು ಬರುವುದಿಲ್ಲ. ಕಾಲೇಜಿಗೆ ಬರುವುದಿಲ್ಲವೆಂದು ಪತ್ರ ಬರೆದಿಟ್ಟಿದ್ದೇನೆ. ನಾಳೆ ಕಳಿಸುತ್ತೇನೆ."

ರತ್ನಾಬಾಯಿಯವರ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಹೊತ್ತಿತು. ಅತಿಥಿಗೆ ನೋವಾಗದಿರಲೆಂದು ಹೂಡಿದ ಆಟ ಎಲ್ಲಿಗೆ ಬಂದು ನಿಂತಿತ್ತು! ಬಾಯಿ ತೆರೆದರು. ಮೂರು ದಿನ ಮುಚ್ಚಿಡಲು ಬೇಕಾದ ಇಂಗ್ಲಿಷು ಸರಾಗವಾಗಿ ಬಂದಿತ್ತು, ಬಿಚ್ಚಿ ಹೇಳಲು ಬೇಕಾದದ್ದು ಬರಲಿಲ್ಲ. ಅಷ್ಟರಲ್ಲಿ ಮಿರಿಯಮ್ ಹೊತ್ತಿದ ರೊಟ್ಟಿಯನ್ನೇ ತನ್ನ ತಾಟಿಗೆ ಹಾಕಿಕೊಂಡು, "ನನಗೆ ಗರಿಗರಿಯಾದದ್ದೇ ಇಷ್ಟ," ಎಂದಳು. ರತ್ನಾಬಾಯಿಯವರಿಗೆ ಇನ್ನಷ್ಟು ಸಂಕಟವಾಯಿತು. ಬೆಳಗ್ಗೆ ಚಹಾ ಕೊಡುವಾಗ ಎಲ್ಲವನ್ನೂ ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡರು.

ಬೆಳಗ್ಗೆ ಚಹಾ ಸೋಸಿ ತಂದರೆ ಮಿರಿಯಮ್ ಕೋಣೆಯಲ್ಲಿರಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ತೊಳೆದಿಟ್ಟಿದ್ದ ಮುತ್ತವ್ವನ ಬಟ್ಟಲೂ ಇರಲಿಲ್ಲ. ಬಂದ ಬಟ್ಟಲನ್ನು ಇಲ್ಲಿ ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲ ಎಂದು ಆ ಹುಡುಗಿ ಎರಡೇ ದಿನದಲ್ಲಿ ನೋಡಿ ತಿಳಿದುಕೊಂಡಿದ್ದಳು. ತನ್ನೂರಿನ ಚಾಕಲೇಟು ತುಂಬಿ ಕೊಡಬೇಕೆಂದು ನಿನ್ನೆಯಷ್ಟೇ ಹೇಳಿದ್ದಳು. ರತ್ನಾಬಾಯಿ ಚಹಾ ಅಲ್ಲಿಯೇ ಬಿಟ್ಟು, ಚಪ್ಪಲಿ ಮೆಟ್ಟದೆ ಪಕ್ಕದ ಮನೆಗೆ ಓಡಿದರು.

ತಡವಾಗಿತ್ತು. ಮುತ್ತವ್ವನ ಮನೆಯ ಪಡಸಾಲೆಯಲ್ಲಿ ಹಳೆಯ ಕುಣಿಮಗ್ಗ ಇನ್ನೂ ಇತ್ತು. ಮಗ ಶೆಡ್ಡಿನಲ್ಲಿ ಪವರ್‌ಲೂಮು ನಡೆಸಿದರೂ ಮುತ್ತವ್ವ ತನ್ನ ಸಂತೋಷಕ್ಕೆ ಅದರಲ್ಲಿ ಸೀರೆ ನೇಯುತ್ತಿದ್ದಳು. ಈಗ ಕುಣಿಯಲ್ಲಿ ಕಾಲಿಳಿಬಿಟ್ಟು ಮಧುಮತಿ ಕೂತಿದ್ದಳು. ಅಜ್ಜಿ ಚಹಾ ಕುಡಿಯುವಷ್ಟರಲ್ಲಿ ನಾಲ್ಕು ಎಳೆ ಹಾಕುವುದು ಅವಳ ದಿನದ ಚಟ. ಹೊಸ್ತಿಲ ಮೇಲೆ ಬಟ್ಟಲು ಹಿಡಿದು ಮಿರಿಯಮ್ ನಿಂತಿದ್ದಳು. ಆ ಕಡೆಯಿಂದ ಈ ಕಡೆಗೆ ಮೀನಿನಂತೆ ಬಂದ ಲಾಳಿ ಮಧುಮತಿಯ ಕೈಯಲ್ಲಿ ಹಾಗೇ ನಿಂತಿತು.

"ಅಕ್ಕಾ, ನಾ ಸುಮ್ಮ ಕುಂತೇನಿ!" ಎಂದು ಚೀರಿದಳು ಮಧುಮತಿ. "ನನಗೇನೂ ಬರಂಗಿಲ್ಲ!"

ಅವಳ ಮುಂದೆ ಒಂದು ಮೊಳ ಸೀರೆ, ಕೆಂಪು ದಡಿಯ ಸಮೇತ, ಕನ್ನಡಿಯಂತೆ ನುಣ್ಣಗೆ ಹರಡಿತ್ತು.

"ಬಾ ಯವ್ವಾ, ಕುಂದರು," ಎಂದಳು ಮುತ್ತವ್ವ, ಏನೂ ಆಗದವಳಂತೆ.

ಮಿರಿಯಮ್ ರತ್ನಾಬಾಯಿಯವರ ಕಡೆ ತಿರುಗಿದಳು. "ಈ ಹುಡುಗಿಗೆ ಮಾತ್ರವೋ, ಎಲ್ಲ ಮಕ್ಕಳಿಗೂ ಬರುತ್ತದೋ?"

"ಎಲ್ಲರಿಗೂ."

"ಆ ಕಾರ್ಖಾನೆಗಳು?"

"ಮಗ್ಗಗಳು. ಊರ ತುಂಬ ಮಗ್ಗಗಳೇ."

ಮಿರಿಯಮ್ಮಳ ಮುಖ ಕಿವಿಯವರೆಗೆ ಕೆಂಪಾಯಿತು. "ಹಾಗಾದರೆ ಮೂರು ದಿನ ನೀವೆಲ್ಲ ನನ್ನನ್ನು ನೋಡಿ ನಗುತ್ತಿದ್ದಿರಿ."

"ಸೋಮವಾರ ಬೆಳಗ್ಗೆ ನಕ್ಕೆವು, ನಾನೂ ನಕ್ಕೆ," ಎಂದರು ರತ್ನಾಬಾಯಿ. "ಆಮೇಲೆ ಯಾರೂ ನಗಲಿಲ್ಲ." ಜೂನಿನ ಪತ್ರದಿಂದ ಹಿಡಿದು ಬೇವಿನ ಮರದ ಕೆಳಗಿನ ಮಾತಿನವರೆಗೆ ಒಂದನ್ನೂ ಬಿಡದೆ ಹೇಳಿದರು. "ನಿನ್ನ ಮನಸ್ಸು ಕಾಯಲು ಹೋಗಿ ನಾನೇ ಅದನ್ನು ನೋಯಿಸಿದೆ. ಮಕ್ಕಳದು ಇದರಲ್ಲಿ ಏನೂ ಇಲ್ಲ."

"ಏನಂತಾಳ?" ಎಂದು ಕೇಳಿದಳು ಮುತ್ತವ್ವ. ರತ್ನಾಬಾಯಿ ಹೇಳಿದರು. ಮುತ್ತವ್ವ ಚಹಾದ ಬಸಿ ಕೆಳಗಿಟ್ಟಳು.

"ಅಕಿಗೆ ಹಿಂಗ ಹೇಳು. ನಮ್ಮ ಓಣಿ ಹುಡುಗ್ರು ಬ್ಯಾಡಾದವರ ಮುಂದ ಐದ ಮಿನಿಟ ಸುಮ್ಮ ಕುಂದರೂದಿಲ್ಲ. ಈಕಿ ಸಲುವಾಗಿ ಮೂರ ದಿನ ದಡ್ಡರಾಗ್ಯಾರ. ಆ ಸಂಜ್ಯಾ, ನಾಕ ಮಂದ್ಯಾಗ ಸೋಲಾಕ ಒಲ್ಲದ ಹುಡುಗ, ತಾನಾಗಿ ಬೆರಳಿಗೆ ನೂಲ ಸುತ್ತಗೊಂಡಾನ. ಇದಕ್ಕಿಂತ ಹೆಚ್ಚಿಗಿ ಮತ್ತೇನ ಮಾಡಬೇಕ?"

ರತ್ನಾಬಾಯಿ ಅದನ್ನು ಮಾತಿಗೆ ಮಾತು ಇಂಗ್ಲಿಷಿಗೆ ತಂದರು. ಮಿರಿಯಮ್ಮಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಮಧುಮತಿಯ ತಲೆಯ ಮೇಲೆ ಕೈಯಾಡಿಸಿದಳು. ಆದರೂ ಅವಳ ಮುಖ ಪೂರ್ತಿ ಅರಳಲಿಲ್ಲ. "ಅವರ ಪ್ರೀತಿ ದೊಡ್ಡದು," ಎಂದಳು. "ಆದರೆ ಕಲಿಸಿದೆನೇ ಎಂದು ಕೇಳಿದರೆ, ಇಲ್ಲ. ಬರುವವರಿಗೆ ಕಲಿಸಿದಂತಾಯಿತು. ನನ್ನ ಪ್ರಶ್ನೆಗೆ ಇದೂ ಉತ್ತರವಲ್ಲ."

ಮನೆಗೆ ಬಂದು ಅವಳು ಮಕ್ಕಳ ರಟ್ಟುಗಳನ್ನೆಲ್ಲ ನೆಲದ ಮೇಲೆ ಹರಡಿದಳು, ಕಟ್ಟಿಡಲೆಂದು. ಹಿಂದೆಯೇ ಮೊಮ್ಮಗಳೊಡನೆ ಬಂದ ಮುತ್ತವ್ವ ಒಂದನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದಳು.

"ಇದು ನಮ್ಮ ಮಧೂಂದು. ಎಳಿ ಬೇಕಂತ ತಪ್ಪಿಸ್ಯಾಳ. ಆದ್ರ ಅಂಚ ನೋಡು, ಪಟ್ಟಿ ಇಟ್ಟ ಗೆರಿ ಹೊಡದಂಗೈತಿ. ತಲಿ ನಾಟಕ ಮಾಡಿದ್ರೂ ಕೈ ಮಾಡೂದಿಲ್ಲ. ಇದೂ ಹಂಗ. ಇದೂ ಹಂಗ. ಹೊಸಬರು ನೂಲ ಜಗ್ಗತಾರ, ನೇಯ್ದ ಅರಿವಿಗೆ ನಡ ಬರ್ತೈತಿ, ಡಮರೂಗ ಬಂದಂಗ."

ರತ್ನಾಬಾಯಿ ಅದನ್ನು ಹೇಳಿ ಮುಗಿಸುವ ಮೊದಲೇ ಮಿರಿಯಮ್ ಎದ್ದಳು. ರಟ್ಟುಗಳ ನಡುವೆ ಹುಡುಕಿ ಹಸಿರು ಉಣ್ಣೆಯದೊಂದನ್ನು ತಂದು ಮುತ್ತವ್ವನ ಕೈಗಿಟ್ಟಳು.

ಕೆಳಗೆ ಅದರ ಅಂಚು ಎರಡೂ ಕಡೆಯಿಂದ ಒಳಗೆ ಸೇದಿಕೊಂಡಿತ್ತು. ಎರಡು ಬೆರಳು ಮೇಲೆ ಮೆಲ್ಲನೆ ಅಗಲವಾಗಿತ್ತು. ಇನ್ನೂ ಮೇಲೆ, ಕೊನೆಯ ನಾಲ್ಕು ಬೆರಳು, ಸೊಟ್ಟಿಲ್ಲದೆ ನೇರವಾಗಿತ್ತು.

ಮುತ್ತವ್ವ ಅದನ್ನು ಬಹಳ ಹೊತ್ತು ನೋಡಿದಳು. "ಇದು ನಾಟಕ ಅಲ್ಲ," ಎಂದಳು. "ಇದನ್ನ ಮಾಡಿದಾಕಿಗೆ ಖರೇನ ಬರ್ತಿದ್ದಿಲ್ಲ. ಇಲ್ಲಿ ತನಕ ಬರ್ತಿದ್ದಿಲ್ಲ. ಇಲ್ಲಿಂದ ಮ್ಯಾಲ ಬಂದೈತಿ. ಯಾರದಿದು?"

"ಮನೀಷಾ," ಎಂದಳು ಮಿರಿಯಮ್, ಪ್ರಶ್ನೆಯನ್ನು ಅನುವಾದಿಸುವ ಮೊದಲೇ.

ರತ್ನಾಬಾಯಿಯವರಿಗೆ ಮುಖ ನೆನಪಾಗಲು ಒಂದು ಕ್ಷಣ ಬೇಕಾಯಿತು. ಹಿಂದಿನ ಸಾಲಿನಲ್ಲಿ ಕೂರುವ, ಒಂಬತ್ತು ವರ್ಷದ, ಮಾತು ಕಡಿಮೆಯ ಹುಡುಗಿ. ಅಪ್ಪ ಸಮೀರವಾಡಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಶಾಲೆಗೆಂದು ಜೂನಿನಲ್ಲಿ ಇಲ್ಲಿಯ ಸೋದರತ್ತೆಯ ಮನೆಗೆ ಬಂದಿದ್ದಳು. ಆ ಅತ್ತೆಯ ಮನೆಯಲ್ಲಿ ಮಗ್ಗವಿಲ್ಲ. ಅವಳ ತಂದೆಯ ಮನೆಯಲ್ಲೂ ಇಲ್ಲ.

"ಅಕಿ ಕಬ್ಬಿನ ಊರಾಕಿ," ಎಂದಳು ಮಧುಮತಿ, ತಲೆ ತಗ್ಗಿಸಿ. "ಕಡದ ಎಳಿ ಗಂಟ ಹಾಕಾಕ ಬರಂಗಿಲ್ಲ ಅಂತ ಸಂಜ್ಯಾ ಕಾಡಸ್ತಾನ. ನಾವೂ ನಗತಿದ್ವಿ."

"ಉಳಿದವರು ತಪ್ಪು ಹಾಕುವಾಗ ನನ್ನ ಮುಖ ನೋಡುತ್ತಿದ್ದರು," ಎಂದಳು ಮಿರಿಯಮ್. "ಯಾಕೆಂದು ಈಗ ಅರ್ಥವಾಯಿತು. ಮನೀಷಾ ಎಳೆಯನ್ನು ಮಾತ್ರ ನೋಡುತ್ತಿದ್ದಳು. ಎಲ್ಲರೂ ಚುರುಮರಿಗೆ ಓಡಿದ ಮೇಲೂ ಅವಳು ಉಳಿಯುತ್ತಿದ್ದಳು. ದಿನಾ ಅರ್ಧ ಗಂಟೆ ಇಬ್ಬರೂ ಕೂರುತ್ತಿದ್ದೆವು. ದಾರವನ್ನು ಎಳೆಯಬೇಡ, ಕಮಾನಿನ ಹಾಗೆ ಬಿಡು, ಆಮೇಲೆ ಒತ್ತು ಎಂದು ಕೈ ಹಿಡಿದು ತೋರಿಸಿದೆ. ಮೂವತ್ತೆಂಟರಲ್ಲಿ ಒಬ್ಬಳು ಅಂದುಕೊಂಡು ಲೆಕ್ಕಕ್ಕೆ ಹಿಡಿಯಲಿಲ್ಲ."

"ಒಂದು ಮಗುವಿಗಾದರೂ ಎಂದು ನೀನೇ ಹೇಳಿದ್ದೆ," ಎಂದರು ರತ್ನಾಬಾಯಿ. "ನಾನು ಮೂವತ್ತನಾಲ್ಕು ವರ್ಷ ಪಾಠ ಹೇಳಿದವಳು. ಬರುವುದಿಲ್ಲವೆಂದು ನಟಿಸಿ ಎಂದು ಮಕ್ಕಳಿಗೆಲ್ಲ ಹೇಳಿದೆ. ನಟಿಸಬೇಕಿಲ್ಲದ ಒಂದು ಮಗು ಅಲ್ಲಿ ಕೂತಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ನಿನ್ನ ಕಣ್ಣಿಗೆ ಬಿತ್ತು," ಎಂದರು.

ಮಿರಿಯಮ್ ಹಸಿರು ರಟ್ಟನ್ನು ಎದೆಗಾನಿಸಿಕೊಂಡು ಗಡಿಯಾರ ನೋಡಿದಳು. ಈಗ ಅವಳ ಚಿಂತೆ ಬೇರೆಯಾಗಿತ್ತು. ಇಂದು ಆಟ ಮುಗಿಯಿತೆಂದು ಸಾರಿದರೆ ಮೂವತ್ತೇಳು ಮಕ್ಕಳು ಗಾಳಿಯಂತೆ ನೇಯುತ್ತಾರೆ. ಬರದಿದ್ದವಳು ಇವಳೊಬ್ಬಳೇ ಎಂದು ಎಲ್ಲರಿಗೂ ಗೊತ್ತಾಗುತ್ತದೆ. "ಮೊದಲು ಅವಳನ್ನೇ ಕೇಳೋಣ," ಎಂದಳು.

ಚರ್ಚಿನ ಗೇಟಿನ ಹತ್ತಿರ ಇಬ್ಬರೂ ಮನೀಷಾಳನ್ನು ಪಕ್ಕಕ್ಕೆ ಕರೆದರು. ರತ್ನಾಬಾಯಿ ವಿಷಯ ಹೇಳಿ, "ನೀ ಬ್ಯಾಡ ಅಂದ್ರ ಇವತ್ತೂ ಎಲ್ಲಾರೂ ಹಂಗ ನಡಸ್ತಾರವ್ವಾ," ಎಂದರು.

ಮನೀಷಾ ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಯೋಚಿಸಿದಳು. "ಎಲ್ಲಾರೂ ತಪ್ಪ ಮಾಡಾಕತ್ತಿದ್ರಲ್ರಿ, ನಾ ತಪ್ಪ ಮಾಡಿದ್ರ ಯಾರೂ ನೋಡ್ತಿದ್ದಿಲ್ಲ. ಛಲೋ ಅನಸ್ತಿತ್ತು."

"ಈಗ?"

"ಈಗ ನೋಡ್ಲಿ ಬಿಡ್ರಿ."

ಆಟ ಮುಗಿಯಿತೆಂದು ಹೇಳಿದ್ದೇ ತಡ, ಬೇವಿನ ಮರದ ಕೆಳಗೆ ಕಟ್ಟೆಯೊಡೆದಂತಾಯಿತು. "ಮೀರಕ್ಕಗ ಗೊತ್ತಾತು! ಮೀರಕ್ಕಗ ಗೊತ್ತಾತು!" ಎಂದು ಕುಣಿದು, ಮೂರು ದಿನದ ತಪ್ಪನ್ನು ಮೂರು ನಿಮಿಷದಲ್ಲಿ ಬಿಚ್ಚಿ ಎಲ್ಲರೂ ನೇಯತೊಡಗಿದರು. ಮಿರಿಯಮ್ ಸೊಂಟದ ಮೇಲೆ ಕೈಯಿಟ್ಟು ಒಬ್ಬೊಬ್ಬರನ್ನೂ ಸುಳ್ಳುಕೋಪದಿಂದ ದಿಟ್ಟಿಸುತ್ತ ಸುತ್ತು ಹಾಕಿದಳು. ಅವಳು ಹತ್ತಿರ ಬಂದಂತೆ ಮಕ್ಕಳು ನಕ್ಕು ಮುಖ ಮುಚ್ಚಿಕೊಂಡರು.

ಎಲ್ಲರಿಗಿಂತ ಮೊದಲು ಮುಗಿಸಬೇಕೆಂದು ಸಂಜಯ ಪಣ ತೊಟ್ಟಂತೆ ಸೂಜಿ ಓಡಿಸುತ್ತಿದ್ದ. "ಇದಕೊಂದ ಲಾಳಿ ಇದ್ರ ತೋರಸ್ತಿದ್ದೆ!" ಎಂದು ಗೊಣಗಿದ. ಆ ಅವಸರದಲ್ಲಿ ಉಣ್ಣೆ ಜಗ್ಗಿ ಜಗ್ಗಿ ಅವನ ಅರಿವೆ ಮೇಲೆ ಹೋದಂತೆ ಸಣ್ಣಗಾಗುತ್ತ ಹೋಯಿತು. ಪಕ್ಕದಲ್ಲಿ ಮನೀಷಾ ಯಾವ ಗಡಿಬಿಡಿಯೂ ಇಲ್ಲದೆ ತನ್ನ ಹಸಿರನ್ನು ಒಂದೊಂದೇ ಸಾಲು ಏರಿಸುತ್ತಿದ್ದಳು. ಸಂಜಯ ಕಣ್ಣು ಹಾಯಿಸಿದ.

"ಕೆಳಗ ಯಾಕ ಹಂಗಾಗೇತಿ ನಿಂದು?"

"ಅವಾಗ ನನಗ ಬರ್ತಿದ್ದಿಲ್ಲ."

"ಖರೇನ?"

"ಹೂಂ. ಖರೇನ."

ಮಧುಮತಿ ಆ ಕಡೆಯಿಂದ ಸಂಜಯನನ್ನು ಗುರಾಯಿಸುತ್ತಿದ್ದಳು, ಒಂದು ಮಾತು ಹೆಚ್ಚು ಕಡಿಮೆಯಾದರೆ ಎದ್ದು ಬಂದೇಬಿಡುವವಳಂತೆ. ಸಂಜಯ ಅವಳ ಅರಿವೆ ನೋಡಿದ. ತನ್ನದನ್ನು ನೋಡಿದ. ತಲೆ ಕೆರೆದುಕೊಂಡ.

"ಮ್ಯಾಲ ಎಷ್ಟ ಸೀದಾ ಐತಿ! ಸೂಜಿಲೆ ನನಗ ಹಂಗ ಬರವಲ್ದು. ಹ್ಯಾಂಗ ಮಾಡಿದಿ ಲೇ?"

ಮನೀಷಾ ತನ್ನ ರಟ್ಟನ್ನು ಕೆಳಗಿಟ್ಟು, ಅವನದರ ಕಡೆ ಬಾಗಿದಳು. "ಜಗ್ಗಬಾರದು. ಕಮಾನ ಮಾಡು. ಹಾಂ, ಅಷ್ಟ. ಈಗ ಒತ್ತು." ಬೆರಳಿನಿಂದ ಎಳೆ ತೋರಿಸುತ್ತ ಎಳೆದು ಎಳೆದು ಹೇಳತೊಡಗಿದಳು: "ಮ್ಯಾಲಾ, ಕೆಳ್ಳಗಾ. ಮ್ಯಾಲಾ, ಕೆಳ್ಳಗಾ."

ರಬಕವಿಯಲ್ಲಿ ಯಾರೂ ಆ ಮಾತುಗಳನ್ನು ಹಾಗೆ ಎಳೆಯುವುದಿಲ್ಲ. ಅದು ಮೂರು ದಿನದ ಹಿಂದೆ ಕನ್ನಡ ಕಲಿತವಳ ರಾಗ. ಎರಡು ಸಾಲು ಆಚೆ ಮೊಣಕಾಲೂರಿ ಕೂತಿದ್ದ ಮಿರಿಯಮ್ ತಲೆಯೆತ್ತಿದಳು. ಎತ್ತಿದ ತಲೆಯನ್ನು ಬಹಳ ಹೊತ್ತು ಇಳಿಸಲಿಲ್ಲ. ಮುಂದೆ ಕೂತಿದ್ದ ಪುಟ್ಟ ಹುಡುಗಿ ಅವಳ ತೋಳು ಜಗ್ಗಿ, "ಅಕ್ಕಾ, ಅಳಾಕತ್ತಿಯೇನು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ತನ್ನ ಲಂಗದ ಚುಂಗಿನಿಂದ ಅವಳ ಕೆನ್ನೆ ಒರೆಸಿದಳು.

ಚುರುಮರಿ ಹಂಚಿ ಮುಗಿದ ಮೇಲೆ ಮಿರಿಯಮ್ ಮನೀಷಾಳ ಹತ್ತಿರ ಬಂದಳು. ಈ ಹಸಿರು ಬಟ್ಟೆಯನ್ನು ತನಗೆ ಕೊಡುತ್ತೀಯಾ, ಊರಿಗೆ ಒಯ್ಯುತ್ತೇನೆ ಎಂದು ರತ್ನಾಬಾಯಿಯವರಿಂದ ಕೇಳಿಸಿದಳು.

ಮನೀಷಾ ರಟ್ಟನ್ನು ಬೆನ್ನ ಹಿಂದೆ ಸರಿಸಿದಳು. "ಕೊಡಂಗಿಲ್ರಿ. ಐತವಾರ ಅಪ್ಪ ಬರ್ತಾನ. ತೋರಸಬೇಕು."

ರತ್ನಾಬಾಯಿ ಅದನ್ನು ಸ್ವಲ್ಪ ಮೆತ್ತಗೆ ಮಾಡಿ ಹೇಳಲು ಶಬ್ದ ಹುಡುಕಿದರು. ನಾಲ್ಕು ದಿನದಲ್ಲಿ ಕಲಿತ ಪಾಠ ನೆನಪಾಗಿ, ಇದ್ದುದನ್ನು ಇದ್ದ ಹಾಗೇ ಹೇಳಿದರು. ಮಿರಿಯಮ್ ಗಟ್ಟಿಯಾಗಿ ನಕ್ಕಳು. ಬಂದ ದಿನದಿಂದ ಅವಳು ಅಷ್ಟು ಮನಬಿಚ್ಚಿ ನಕ್ಕದ್ದು ಅದೇ ಮೊದಲು. ಹಾಗಾದರೆ ಒಂದು ಫೋಟೋ ಸಾಕು ಎಂದಳು. ಫೋಟೋಕ್ಕೆ ಮನೀಷಾ ಒಪ್ಪಿದಳು. ರಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಪಾಸ್‌ಪೋರ್ಟಿಗೆ ನಿಂತವಳಂತೆ ನೆಟ್ಟಗೆ ನಿಂತಳು.

ಮಿರಿಯಮ್ ಚರ್ಚಿನ ಮೆಟ್ಟಿಲ ಮೇಲೆ ಕೂತು, ಫೋನಿನಲ್ಲಿ ಬರೆದಿಟ್ಟಿದ್ದ ಪತ್ರ ಅಳಿಸಿ ಕಾಲೇಜಿಗೆ ಹೊಸದು ಬರೆದಳು. ನಾಲ್ಕೇ ಸಾಲು, ಜೊತೆಗೆ ಆ ಫೋಟೋ. ಕಳಿಸಲು ಒತ್ತಿದರೆ ಪತ್ರ ಹೋಗಲಿಲ್ಲ. ಮತ್ತೆ ಒತ್ತಿದಳು. ಚಕ್ರ ಸುಮ್ಮನೆ ತಿರುಗುತ್ತಿತ್ತು.

"ಇಲ್ಲಿ ನೆಟ್‌ವರ್ಕ್ ಸಿಗಂಗಿಲ್ರಿ," ಎಂದ ಸಂಜಯ. "ನೀರಿನ ಟಾಕಿ ಕಡೆ ಬರ್ರಿ ಮೀರಕ್ಕಾ!"

ಏನು, ಯಾರಿಗೆ, ಯಾಕೆ ಎಂದು ಯಾರೂ ಕೇಳಲಿಲ್ಲ. ಮೂವತ್ತೆಂಟು ಮಕ್ಕಳೂ ಅವಳನ್ನು ನಡುವೆ ಮಾಡಿಕೊಂಡು ಓಣಿಯಲ್ಲಿ ಮೆರವಣಿಗೆಯಂತೆ ಹೊರಟರು. ಈರಪ್ಪ ಶೆಡ್ಡಿನ ಬಾಗಿಲು ಹಾರುಹೊಡೆದು ನಿಂತು, "ಏನ್ರಿ ಅಕ್ಕೋರ, ಎಲ್ಲಿಗಿ ದಂಡು?" ಎಂದು ಕೂಗಿದ.

"ಪತ್ರ ಹಾಕಾಕ!" ಎಂದರು ರತ್ನಾಬಾಯಿ, ಏದುಸಿರು ಬಿಡುತ್ತ. ಮಕ್ಕಳ ಜೊತೆ ಅವರೂ ಓಡುತ್ತಿದ್ದರು.

ಟಾಕಿಯ ಕಟ್ಟೆಯ ಮೇಲೆ ಮಿರಿಯಮ್ ಹತ್ತಿ ನಿಂತು ಫೋನನ್ನು ಮೇಲೆತ್ತಿದಳು. ಮಕ್ಕಳೆಲ್ಲ ಕತ್ತೆತ್ತಿ ನೋಡಿದರು. ಒಂದು ಸಣ್ಣ ಸದ್ದಾಯಿತು.

"ಹೋತು!" ಎಂದು ಕೂಗಿದಳು ಮನೀಷಾ.

"ಹೋತು, ಹೋತು!" ಎಂದು ಉಳಿದವರೆಲ್ಲ ಕುಣಿದರು.